ಕಿಡಿ ಹಾರಿದ್ರ ಹರಿತ ಆಗೂದಿಲ್ರಿ



ಕಬ್ಬಿನ ಕಟಾವು ಶುರು ಆಗೇತಿ. ರಾಯಬಾಗ, ಅಥಣಿ, ಕಾಗವಾಡ ಯಾವ ಕಡೆ ಹೋದ್ರೂ ಬೀಡ ಕಡೆಯ ಟೋಳಿಗಳ ಗುಡಿಸಲು ಕಾಣಸ್ತಾವ. ಇವತ್ತ ನಾ ಬರೆಯೋದು ಕಬ್ಬಿನ ದರದ ಬಗ್ಗೆ ಅಲ್ಲ, ಬಿಲ್ಲಿನ ಬಗ್ಗೆನೂ ಅಲ್ಲ. ಕೊಯ್ತಾದ ಹರಿತದ ಬಗ್ಗೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ: ಕೊಯ್ತಾ ಹರಿತ ಇಡೋದು ಟೋಳಿಯವರ ಕೆಲಸ ಅಂತ ನಾವು ಹೊಲದವರು ಸುಮ್ಮ ಕುಂದ್ರೋದು ತಪ್ಪು. ಮನ್ಯಾಗ ಗ್ರೈಂಡರ್ ಐತಿ ಅಂತ ತಿಳೀದ ಅದಕ್ಕ ಹಿಡಿಯೋದು ಇನ್ನೂ ದೊಡ್ಡ ತಪ್ಪು. ಎರಡೂ ತಪ್ಪು ನಾನೇ ಮಾಡೀನಿ, ಅದಕ್ಕ ಹೇಳಾಕತ್ತೀನಿ.

ನಮ್ಮ ಹುಡುಗ ಐಟಿಐ ಟರ್ನರ್ ಮಾಡಿ ಕೊಲ್ಹಾಪುರ ಹತ್ರ ಶಿರೋಲಿ ಎಂಐಡಿಸಿಗೆ ಲೇಥ್ ಕೆಲಸಕ್ಕ ಹೊಕ್ಕಾನ. ದನದ ಕೊಟ್ಟಿಗಿ ಬಾಜೂಕ ಒಂದು ಸಣ್ಣ ಶೆಡ್ ಮಾಡಿ ಬೆಂಚ್ ಗ್ರೈಂಡರ್, ಡ್ರಿಲ್, ವೆಲ್ಡಿಂಗ್ ಇಟ್ಟಾನ. ಹೋದ ವರ್ಷ ನಮ್ಮ ಹೊಲಕ್ಕ ಏಳು ಕೊಯ್ತಾದ ಟೋಳಿ ಬಂದಿತ್ತು. ಗಂಡ-ಹೆಂಡತಿ ಜೋಡಿಗೆ ಅವರ ಲೆಕ್ಕದಾಗ ಒಂದು ಕೊಯ್ತಾ ಅಂತಾರ. ಹತಿಯಾರದ ಹೆಸರೇ ಮನಷ್ಯಾರಿಗೆ ಬಂದೇತಿ ನೋಡ್ರಿ. ಸಂಜಿಗೆ ನಾನೇ ಧಿಮಾಕಿಲೆ, "ತರ್ರಿ ಇಲ್ಲೆ, ಐದು ನಿಮಿಷದಾಗ ಮಾಡಿ ಕೊಡ್ತೀವಿ" ಅಂದೆ. ಹದಿನಾಲ್ಕೂ ಕೊಯ್ತಾ ಗ್ರೈಂಡರಿಗೆ ಹಿಡದ್ವಿ. ಕಿಡಿ ದೀಪಾವಳಿ ಸುರಸುರಬತ್ತಿ ಹಾರಿದಂಗ ಹಾರಿದ್ವು. ಅಂಚು ನೀಲಿ ಬಣ್ಣಕ್ಕ ತಿರುಗಿತು. ನಾ ಅದನ್ನ ಚಂದ ಅಂದ್ಕೊಂಡೆ.

ಮರುದಿನ ಎರಡು ತಾಸು ಆಗೂದ್ರಾಗ ಅಂಚು ಮಡಚಿಕೊಂಡ್ವು. ಬುಡಕ್ಕ ಹೊಡದ್ರ ಕಬ್ಬು ಕಡೀದ ಸೀಳಾಕತ್ತಿತು. ಅವರು ಬುಡ ಬಿಟ್ಟು ಮೂರು-ನಾಲ್ಕು ಇಂಚು ಮ್ಯಾಲೆ ಕಡಿಯಾಕತ್ರು. ನಾ ಬದುವಿನ ಮ್ಯಾಲ ನಿಂತು ಒದರಾಡಿದೆ. ಅವರೊಳಗ ವಯಸ್ಸಾದ ಹೆಣಮಗಳು ಮರಾಠಿಯೊಳಗ ಸಮಾಧಾನಲೇ ಅಂದ್ಳು, "ಕಾಕಾ, ನಿಮ್ಮ ಮಷಿನ್‌ಗಿಂತ ನಮ್ಮ ಕಲ್ಲೇ ಚಲೋ ಇತ್ತು." ಅವರಿಗೆ ಪಗಾರ ಟನ್ ಲೆಕ್ಕ. ಅವತ್ತ ಅವರ ಅರ್ಧಾ ದಿನದ ಗಳಿಕಿ ನನ್ನ ಧಿಮಾಕಿನಾಗ ಹೋತು.

ಊರಾಗಿನ ಕಮ್ಮಾರ ಕಾಕಾನ ಕಡೆ ಒಯ್ದೆ. ನೋಡಿದಾಂವನ ಅಂದ, "ಇದನ್ನ ಮಸದಿಲ್ಲೋ ತಮ್ಮಾ, ಸುಟ್ಟ ತಂದಿ." ಕೊಯ್ತಾ ಬಹಳಷ್ಟು ಲಾರಿ ಕಮಾನ ಪಟ್ಟಿಯಿಂದ ಮಾಡ್ತಾರ. ಕುಲುಮ್ಯಾಗ ಕೆಂಪಗ ಕಾಸಿ ನೀರು ಕುಡಿಸಿ, ಮತ್ತ ಹಗೂರಕ ಕಾಸಿ ಹದ ತರ್ತಾರ. ತೆಳ್ಳನ್ನ ಅಂಚು ಗ್ರೈಂಡರಿನ್ಯಾಗ ಕಾದು ಸುಮಾರು 300 ಡಿಗ್ರಿ ಮುಟ್ಟಿದ್ರ ನೀಲಿ ಆಗತೈತಿ. ಆ ಹೊತ್ತಿಗೆ ಕಮ್ಮಾರ ಕೊಟ್ಟ ಹದ ಇಳದಿರತೈತಿ.

ಹುಡುಗ ಕಲಿತದ್ದು ತಪ್ಪಲ್ಲ. ಕಬ್ಬಿಣ ಬ್ಯಾರೆ, ಅಷ್ಟ. ಅಂವ ದಿನಾ ಹಿಡಿಯೋದು ಎಚ್‌ಎಸ್‌ಎಸ್ ಟೂಲ್, ಡ್ರಿಲ್ ಬಿಟ್. ಎಚ್‌ಎಸ್‌ಎಸ್ 500 ಡಿಗ್ರಿ ದಾಟಿದ್ರೂ ಗಟ್ಟಿತನ ಬಿಡೂದಿಲ್ಲ, ನೀಲಿ ಆದ್ರೂ ನಡೀತೈತಿ. ಕಾರ್ಬೈಡ್ ತುದಿ ಇದ್ರ ಹಸಿರು ಸಾಣಿ ಚಕ್ರ ಬೇಕು, ಬಿಸಿ ಇದ್ದಾಗ ನೀರಾಗ ಅದ್ದಿದ್ರ ಸೀಳತೈತಿ. ನಮ್ಮ ಕೊಯ್ತಾ, ಕುಡಗೋಲು, ಕೊಡಲಿಗೆ ಉಲ್ಟಾ: ನೀರು ಬೇಕೇ ಬೇಕು, ಬೆಂಕಿ ಬ್ಯಾಡ.

ಈಗ ಲೆಕ್ಕ ನೋಡ್ರಿ. ಎಕರೆಕ್ಕ 40,000 ಕಬ್ಬು ಅಂತ ಹಿಡೀರಿ. ಒಂದೊಂದರ ಬುಡ ಎರಡು ಇಂಚು ಹೊಲದಾಗ ಉಳದ್ರ 80,000 ಇಂಚು, ಅಂದ್ರ 6,600 ಫೂಟಿನ ಮ್ಯಾಲ. ಎಂಟು ಫೂಟಿನ ಕಬ್ಬಿನ ಲೆಕ್ಕಕ್ಕ 830 ಕಬ್ಬು. ಒಂದು ಕಬ್ಬು ಒಂದೂಕಾಲು ಕೆಜಿ ಹಿಡದ್ರ ಒಂದು ಟನ್. ಸಕ್ಕರಿ ಹೆಚ್ಚಿರೋದೂ ಬುಡದಾಗನ. ಇದಕ್ಕಿಂತ ದೊಡ್ಡ ಲುಕ್ಸಾನ ಖೋಡವಾದಾಗ. ಎತ್ತರ ಉಳಿದ ಕೂಳ್ಯಾಗ ಮ್ಯಾಲಿನ ಕಣ್ಣು ಚಿಗೀತಾವ, ಬೇರು ನೆಲಕ್ಕ ಸರಿಯಾಗಿ ಹಿಡಿಯೂದಿಲ್ಲ. ನಾ ಆಮ್ಯಾಲೆ ಎರಡು ಎಕರೆ ಕೂಳಿ ಮತ್ತ ನೆಲಕ್ಕ ಹಚ್ಚಿ ಸವರಿಸಿದೆ. ಆ ಕೂಲಿ ಯಾರ ಕೊಡ್ತಾರ? ನಾನೇ ಕೊಟ್ಟೆ.

ಈ ವರ್ಷ ಹಿಂಗ ಮಾಡೀನಿ. ಕಟಾವಿನ ಜಾಗಾದಾಗ ಒಂದು ಬಕೀಟ ನೀರು, ಒಂದು ಮಸಿಗಲ್ಲು, ಒಂದು ಚಲೋ ಕಾನಸ (ಅರ) ಇಟ್ಟೀನಿ. ತಾಸಿಗೊಮ್ಮೆ ನಾಲ್ಕೈದು ಸಲ ಕಲ್ಲಿಗೆ ಎಳದ್ರ ಸಾಕು. ಎರಡೂ ಬದಿ ಸಮ ಎಳೀಬೇಕು, ಅಂಚಿನ ಮ್ಯಾಲ ಎದ್ದ ಎಳಿ ಹೋಗುಮಟ ಎಳೀಬೇಕು. ಅಂಚು ಬ್ಲೇಡಿನಂಗ ತೆಳ್ಳಗ ಮಾಡಬ್ಯಾಡ್ರಿ, ಗಣಿಕಿಗೆ ಬಡದ ಕೂಡ್ಲೆ ಚೂರು ಹಾರತೈತಿ. ಅಂಚು ಒಡದು ಹಲ್ಲು ಬಿದ್ದಿದ್ರ ಅಷ್ಟ ಗ್ರೈಂಡರ್. ಅದೂ ಹಗೂರಕ ಮುಟ್ಟಿಸಬೇಕು, ಘಳಿಗಿಗೊಮ್ಮೆ ನೀರಾಗ ಅದ್ದಬೇಕು. ಬಳ್ಳಿಗೆ ಬಿಸಿ ತಡೀದಿದ್ರ ಕಬ್ಬಿಣಕ್ಕೂ ತಡಿಯೂದಿಲ್ಲ ಅಂತ ತಿಳ್ಕೋರಿ. ಕಟಿಂಗ್ ಚಕ್ರದ ಬಾಜೂಕ ಹಿಡದು ಮಸಿಯೋದಂತೂ ಬ್ಯಾಡೇ ಬ್ಯಾಡ, ಒಡದು ಹಾರತೈತಿ. ಕಣ್ಣಿಗೆ ಚಷ್ಮಾ ಹಾಕ್ರಿ.

ಹದ ಹೋದದ್ದನ್ನ ಕಮ್ಮಾರನ ತಿರಗಿ ತರಬೇಕು, ಗ್ರೈಂಡರಿಗೆ ಆಗೂದಿಲ್ಲ. ಮದಲ ಸುಗ್ಗಿಗೆ ಅವಗ ಜ್ವಾಳ ಅಳೀತಿದ್ವಿ. ಈಗ ಅದೂ ನಿಂತೈತಿ, ಕುಲುಮಿ ವಾರಕ್ಕ ಎರಡು ದಿನ ಉರಿಯೋದೂ ಕಷ್ಟ. ಶೆಡ್ಡಿಗೆ ಮಷಿನ್ ತರಾಕ ಸಾವಿರಗಟ್ಟಲೆ ಹಾಕೋ ನಾವು, ಒಂದು ಕೊಯ್ತಾಕ್ಕ ಹದ ಹಾಕಿದ ರೊಕ್ಕ ಕೊಡಾಕ ಚೌಕಾಶಿ ಮಾಡ್ತೀವಿ. ನಾನೂ ಮಾಡೀನಿ. ಈ ಸಲ ಟೋಳಿ ಬರೂಕ ಮುಂಚೆ ಹೋಗಿ ಅವಗ ಮುಂಗಡ ಕೊಟ್ಟ ಬಂದೀನಿ, ಹದ ಹೋದ ಕೊಯ್ತಾ ಎಲ್ಲಾ ಅವನ ಕಡೆನ ಕಳಸ್ತೀನಿ ಅಂತ.

ನಿಮ್ಮ ಹೊಲದಾಗ ನಾಳೆ ಕಟಾವು ಇದ್ರ, ಚಹಾ ಒಯ್ಯೂ ಮುಂದ ಒಂದು ಮಸಿಗಲ್ಲೂ ಒಯ್ರಿ.