ಗಂಧದ ಮರ, ಗಂಧದ ಎಣ್ಣೆ

ದೆಹಲಿಯ ಮುಖರ್ಜಿ ನಗರದಲ್ಲಿ, ಬತ್ರಾ ಸಿನೆಮಾದ ಆಸುಪಾಸಿನ ಜೆರಾಕ್ಸ್ ಅಂಗಡಿಗಳಲ್ಲಿ, ಸ್ಪೈರಲ್ ಬೈಂಡ್ ಮಾಡಿದ ನೋಟ್ಸ್ ರಾಶಿ ರಾಶಿಯಾಗಿ ಬಿದ್ದಿರುತ್ತವೆ. ಪಕ್ಕದ ಲೈಬ್ರರಿಗಳಲ್ಲಿ ತಿಂಗಳ ಬಾಡಿಗೆಗೆ ಒಂದು ಕುರ್ಚಿ, ಒಂದು ಮೇಜು. ಅಲ್ಲಿ ಕೂತು ನಾಗರಿಕ ಸೇವಾ ಪರೀಕ್ಷೆಗೆ ಓದುವವರು ಅಭಿವೃದ್ಧಿಯಲ್ಲಿ ತಂತ್ರಜ್ಞಾನದ ಪಾತ್ರವೇನು ಎಂಬುದಕ್ಕೂ 250 ಪದಗಳ ಉತ್ತರ ಬರೆದು ಕೈ ಪಳಗಿಸಿಕೊಳ್ಳುತ್ತಾರೆ. ಅರ್ಥಶಾಸ್ತ್ರಜ್ಞ ರಾಬರ್ಟ್ ಸೋಲೋ 1957ರಲ್ಲಿ ಹಾಕಿದ ಲೆಕ್ಕ ಅವರಿಗೆ ಗೊತ್ತು: 1909ರಿಂದ 1949ರವರೆಗೆ ಅಮೆರಿಕದಲ್ಲಿ ಒಂದು ಗಂಟೆ ದುಡಿಮೆಯ ಉತ್ಪತ್ತಿ ಇಮ್ಮಡಿಯಾಯಿತು, ಆ ಹೆಚ್ಚಳದ ಎಂಟರಲ್ಲಿ ಏಳು ಪಾಲು ಬಂದದ್ದು ತಾಂತ್ರಿಕ ಬದಲಾವಣೆಯಿಂದ, ಬಂಡವಾಳದಿಂದಲ್ಲ.

ಇಷ್ಟು ಓದಿದವರಿರುವ ನಾಡು ತಾನಾಗಿ ಮುಂದೆ ಬರಬೇಕಲ್ಲ? ಬರುವುದಿಲ್ಲ. ತಲೆಯಲ್ಲಿರುವ ವಿದ್ಯೆ ಕೈಗಿಳಿಯಬೇಕು.

ಅದು ಕೈಗಿಳಿದ ಬಗೆಯನ್ನು ನಮ್ಮ ಮೈಸೂರು ಕಂಡಿದೆ. ಸಂಸ್ಥಾನ ಗಂಧದ ಮರವನ್ನು ಹೊರದೇಶಕ್ಕೆ ಮಾರುತ್ತಿತ್ತು. ಎಣ್ಣೆ ತೆಗೆದು ಲಾಭ ಮಾಡುತ್ತಿದ್ದವರು ಜರ್ಮನಿಯಂಥ ದೇಶದವರು. 1914ರ ಮಹಾಯುದ್ಧ ಆ ದಾರಿಯನ್ನು ಮುಚ್ಚಿತು. ಮರ ಇಲ್ಲೇ ಉಳಿಯಿತು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞರಾದ ಸಡ್‌ಬರೊ ಮತ್ತು ವಾಟ್ಸನ್ ಭಟ್ಟಿ ಇಳಿಸಿ ಎಣ್ಣೆ ತೆಗೆದು ತೋರಿಸಿದರು. 1916ರ ಹೊತ್ತಿಗೆ ಸಂಸ್ಥಾನದ್ದೇ ಎಣ್ಣೆ ಕಾರ್ಖಾನೆ ಶುರುವಾಯಿತು. ರಸಾಯನಶಾಸ್ತ್ರಜ್ಞ ಎಸ್.ಜಿ. ಶಾಸ್ತ್ರಿಯವರು ಇಂಗ್ಲೆಂಡಿಗೆ ಹೋಗಿ ಸಾಬೂನು ಮಾಡುವ ವಿದ್ಯೆ ಕಲಿತು ಬಂದರು. ಮೈಸೂರು ಸ್ಯಾಂಡಲ್ ಸೋಪು ಹುಟ್ಟಿತು. ಕಾಡು ಬೆಳೆಯಲಿಲ್ಲ, ಮರ ಹೆಚ್ಚಲಿಲ್ಲ. ಹೆಚ್ಚಿದ್ದು ಆ ಮರದಿಂದ ಏನು ಮಾಡಬಹುದು ಎಂಬ ತಿಳಿವು.

ಹಾಗಾದರೆ ಆಡಳಿತಗಾರರು ಬೇಡವೇ? ಖಂಡಿತ ಬೇಕು. ಶಾಸ್ತ್ರಿಯವರನ್ನು ಕಳಿಸಿದ್ದೂ ದಿವಾನ್ ವಿಶ್ವೇಶ್ವರಯ್ಯನವರ ಆಡಳಿತವೇ. ಆದರೆ ಕಳಿಸಲು ಒಬ್ಬ ರಸಾಯನಶಾಸ್ತ್ರಜ್ಞ ಇದ್ದರು, ಪರೀಕ್ಷಿಸಲು ಪ್ರಯೋಗಾಲಯವಿತ್ತು, ಕಲಿತು ಬಂದವರಿಗೆ ಕಾರ್ಖಾನೆ ಕಾದಿತ್ತು. ಈ ಮೂರರಲ್ಲಿ ಒಂದು ತಪ್ಪಿದ್ದರೂ ಆದೇಶ ಕಡತದಲ್ಲೇ ಉಳಿಯುತ್ತಿತ್ತು.

ಇಂದು ನಾವು ಸಂಶೋಧನೆಗೆ ಖರ್ಚು ಮಾಡುವುದು ರಾಷ್ಟ್ರೀಯ ಉತ್ಪನ್ನದ ಶೇ. 1ಕ್ಕಿಂತಲೂ ಕಡಿಮೆ. 2024ರ ನಾಗರಿಕ ಸೇವಾ ಪರೀಕ್ಷೆಗೆ ಸುಮಾರು 9.9 ಲಕ್ಷ ಜನ ಅರ್ಜಿ ಹಾಕಿದರು, ಆಯ್ಕೆಯಾದವರು 1,009. ತಪ್ಪು ಆ ಮಕ್ಕಳದಲ್ಲ. ಭದ್ರತೆ, ಗೌರವ ಎರಡೂ ಸಿಗುವ ಬಾಗಿಲು ಅದೊಂದೇ ಎಂದು ಅವರಿಗೆ ಕಂಡಿದೆ. ಪ್ರಯೋಗಾಲಯಕ್ಕೂ ವರ್ಕ್‌ಶಾಪಿಗೂ ಅದೇ ಭದ್ರತೆ, ಅದೇ ಗೌರವ ಕೊಡುವುದು ನಮ್ಮ ಹೊಣೆ. ಅದಾಗುವ ತನಕ ನಮ್ಮ ಮಕ್ಕಳ ಬುದ್ಧಿಯೂ 1914ರ ಗಂಧದ ಮರದ ಹಾಗೆ ಕೊರಡಾಗಿಯೇ ಬಿದ್ದಿರುತ್ತದೆ.