ಒಂದೇ ನಂಬರ್ ಸಾಲದು

ಗ್ಲುಕೋಮೀಟರ್ ನಾವೆಲ್ಲ ನೋಡಿರ್ತೀವಿ. ಒಂದು ಹನಿ ರಕ್ತ, ಕೆಲವೇ ಸೆಕೆಂಡು, ಒಂದು ನಂಬರ್. ಅಪಘಾತದಲ್ಲಿ ತೀವ್ರ ಪೆಟ್ಟು ಬಿದ್ದು ಐಸಿಯುನಲ್ಲಿರೋ ರೋಗಿಗೂ ಇಂಥದ್ದೇ ಮೀಟರ್ ಮಾಡಿ, ಸೀರಮ್‌ನಲ್ಲಿ ಆಂಟಿಆಕ್ಸಿಡೆಂಟ್ ಎಷ್ಟಿದೆ ಅಂತ ಅಳೆದರೆ ಹೇಗೆ? ಪೊಟೆನ್ಶಿಯೋಸ್ಟಾಟ್ ನಾವೇ ಕಟ್ಟಬಹುದು, ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಅದು ಒಂದೇ ನಂಬರ್ ತೋರಿಸಿ ಸುಮ್ಮನಾಗೋದಾದರೆ ಮಾಡದಿರೋದೇ ಮೇಲು ಅಂತ ನನ್ನ ಅಭಿಪ್ರಾಯ.

ರಕ್ತ ತುಂಬಾ ಹೋದಾಗ ಅಂಗಾಂಶಗಳಿಗೆ ಆಮ್ಲಜನಕ ಸಾಲಲ್ಲ. ರಕ್ತಸಂಚಾರ ಮರಳಿದಾಗ ಫ್ರೀ ರ‍್ಯಾಡಿಕಲ್‌ಗಳು ಹೆಚ್ಚುತ್ತವೆ. ಅವಕ್ಕೆ ಎಲೆಕ್ಟ್ರಾನ್ ಕೊಟ್ಟು ತಣ್ಣಗಾಗಿಸೋದು ಆಂಟಿಆಕ್ಸಿಡೆಂಟ್‌ಗಳು. ವೋಲ್ಟೇಜ್ ಏರಿಸುತ್ತಾ ಹೋದರೆ ಅವು ಎಲೆಕ್ಟ್ರೋಡ್‌ಗೂ ಎಲೆಕ್ಟ್ರಾನ್ ಕೊಡುತ್ತವೆ, ಕರೆಂಟ್ ಹರಿಯುತ್ತೆ. ಸೈಕ್ಲಿಕ್ ವೋಲ್ಟಾಮೆಟ್ರಿಯ ಈ ಉಪಾಯವನ್ನು 1990ರ ದಶಕದಲ್ಲೇ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ರಾನ್ ಕೋಹೆನ್ ಮತ್ತು ಸಂಗಡಿಗರು ಪ್ಲಾಸ್ಮಾದ ಮೇಲೆ ಬಳಸಿದ್ದರು.

ತೊಡಕು ಇರೋದು ಇಲ್ಲೇ. ಗ್ಲುಕೋಮೀಟರಿನ ಸ್ಟ್ರಿಪ್‌ನಲ್ಲಿ ಗ್ಲುಕೋಸನ್ನೇ ಗುರುತಿಸೋ ಕಿಣ್ವ ಇರುತ್ತೆ. ಬರೀ ಎಲೆಕ್ಟ್ರೋಡ್‌ಗೆ ಆ ವಿವೇಚನೆ ಇಲ್ಲ. ವಿಟಮಿನ್ ಸಿ, ಯೂರಿಕ್ ಆಮ್ಲ ಎರಡೂ ಹತ್ತಿರ ಹತ್ತಿರದ ವೋಲ್ಟೇಜ್‌ನಲ್ಲೇ ಎಲೆಕ್ಟ್ರಾನ್ ಬಿಡುತ್ತವೆ. ಆರೋಗ್ಯವಂತರ ರಕ್ತದಲ್ಲಿ ವಿಟಮಿನ್ ಸಿ ಲೀಟರಿಗೆ ಸುಮಾರು 50 ಮೈಕ್ರೋಮೋಲ್ ಇದ್ದರೆ, ಯೂರಿಕ್ ಆಮ್ಲ 200ರಿಂದ 400. ಅಂದರೆ ನಾವು ನೋಡೋ ಕರೆಂಟ್‌ನಲ್ಲಿ ಬಹುಪಾಲು ಯೂರಿಕ್ ಆಮ್ಲದ್ದೇ.

ಈಗ ರೋಗಿಯನ್ನು ನೆನೆಸಿಕೊಳ್ಳಿ. ಪೆಟ್ಟಿನಿಂದ ಕಿಡ್ನಿ ಸೋತರೆ ಯೂರಿಕ್ ಆಮ್ಲ ಹೊರಹೋಗದೆ ಏರುತ್ತೆ. ಮೀಟರ್ "ರಕ್ಷಣೆ ಹೆಚ್ಚಿದೆ" ಅನ್ನುತ್ತೆ, ರೋಗಿ ಮಾತ್ರ ಕೆಡ್ತಾ ಇರ್ತಾರೆ. ಇನ್ನೊಬ್ಬರಿಗೆ ಲೀಟರ್‌ಗಟ್ಟಲೆ ಸಲೈನ್ ಏರಿಸಿರ್ತಾರೆ. ರಕ್ತ ತೆಳುವಾಗಿ ನಂಬರ್ ಇಳಿಯುತ್ತೆ, ಆಂಟಿಆಕ್ಸಿಡೆಂಟ್ ಖರ್ಚಾಗಿರಲೇಬೇಕು ಅಂತಿಲ್ಲ. ಇದರ ಜೊತೆಗೆ ಸೀರಮ್‌ನ ಪ್ರೋಟೀನ್ ಎಲೆಕ್ಟ್ರೋಡ್ ಮೇಲೆ ಕೂತು ಕರೆಂಟ್ ತಗ್ಗಿಸುತ್ತೆ. ಸ್ಯಾಂಪಲ್ ಹೊರಗಿಟ್ಟರೆ ವಿಟಮಿನ್ ಸಿ ಹಾಳಾಗುತ್ತೆ.

"ನಂಬರ್ ಕಡಿಮೆ ಇದ್ದರೆ ವಿಟಮಿನ್ ಸಿ ಕೊಟ್ಟರಾಯ್ತು, ನಷ್ಟವೇನು?" ಅನ್ನಬಹುದು. ನಷ್ಟ ಇರಬಹುದು. ಗಾಯಾಳುಗಳ ಮೇಲಲ್ಲ, ಸೆಪ್ಸಿಸ್ ರೋಗಿಗಳ ಮೇಲೆ ನಡೆದ ಲೋವಿಟ್ ಪರೀಕ್ಷೆಯ ಫಲಿತಾಂಶ 2022ರಲ್ಲಿ ಬಂತು. ರಕ್ತನಾಳದ ಮೂಲಕ ಹೆಚ್ಚು ಪ್ರಮಾಣದ ವಿಟಮಿನ್ ಸಿ ಪಡೆದವರಲ್ಲಿ ಸಾವು ಅಥವಾ ಅಂಗವೈಫಲ್ಯ ಮುಂದುವರಿದದ್ದು ಪ್ಲಾಸಿಬೋ ಪಡೆದವರಿಗಿಂತ ಹೆಚ್ಚು.

ಹಾಗಂತ ಕೈಬಿಡಿ ಅಂತ ಹೇಳ್ತಿಲ್ಲ. ಯೂರಿಕೇಸ್ ಕಿಣ್ವ ಹಾಕಿ ಮತ್ತೊಮ್ಮೆ ಅಳೆದು ಯೂರಿಕ್ ಆಮ್ಲದ ಪಾಲು ಬೇರೆ ಮಾಡಿ. ಪ್ರತಿ ಸ್ಯಾಂಪಲ್‌ಗೂ ಹೊಸ ಎಲೆಕ್ಟ್ರೋಡ್ ಬಳಸಿ. ಕ್ರಿಯಾಟಿನಿನ್, ಕೊಟ್ಟ ದ್ರವದ ಲೆಕ್ಕ, ರಕ್ತ ತೆಗೆದ ಹೊತ್ತು, ಇವನ್ನೆಲ್ಲ ಪಕ್ಕದಲ್ಲೇ ತೋರಿಸಿ. ಒಂದು ಸಲದ ರೀಡಿಂಗ್ ಬಿಟ್ಟು ದಿನದಿಂದ ದಿನಕ್ಕೆ ಆಗೋ ಬದಲಾವಣೆ ನೋಡಿ. ಡೆಮೋ ದಿನ ನಮ್ಮ ಸ್ಕ್ರೀನ್ ಸ್ವಲ್ಪ ಗಿಜಿಗಿಜಿ ಅನ್ನಿಸಬಹುದು, ಅನ್ನಿಸಲಿ. ಮುಂದೊಂದು ದಿನ ಆ ಸ್ಕ್ರೀನ್ ನೋಡಿ ಔಷಧಿ ಬರೆಯೋ ಡಾಕ್ಟರಿಗೆ ಅದೆಲ್ಲ ಬೇಕಾಗುತ್ತೆ.