ಅಡಿಕೆಯಂಗಳಕ್ಕೊಂದು ದೂರದರ್ಶಕ

ಪುತ್ತೂರು, ಸುಳ್ಯ, ಕಡಬಗಳ ತೋಟದ ಮನೆಗಳಲ್ಲಿ ಆಕಾಶವು ಕಣ್ಣಿಗೆ ಬೀಳುವುದು ಸ್ವಲ್ಪವೇ. ಸುತ್ತಲೂ ಅಡಿಕೆ, ತೆಂಗು, ಅವುಗಳಾಚೆಗೆ ಗುಡ್ಡ. ಸುಬ್ರಹ್ಮಣ್ಯದ ಕಡೆಗಂತೂ ಪೂರ್ವದಿಕ್ಕನ್ನೆಲ್ಲ ಘಟ್ಟವೇ ಆಕ್ರಮಿಸಿದೆ. ನಡುವೆ ತೆರೆದಿರುವುದು ಅಡಿಕೆ ಒಣಗಿಸುವ ಅಂಗಳವೊಂದೇ. ಅಡಿಕೆ ಒಣಗುವ ತಿಂಗಳುಗಳೇ ನಕ್ಷತ್ರ ನೋಡುವ ತಿಂಗಳುಗಳೂ ಆಗಿರುವುದು ಈ ಸೀಮೆಯ ಭಾಗ್ಯವೆನ್ನಬೇಕು.

ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ವನ್ನು ಕನ್ನಡಿಗರಿಗೆ ಕೊಟ್ಟುದು ಪುತ್ತೂರಿನಲ್ಲಿ ನೆಲೆಸಿದ್ದಾಗ. ಆದುದರಿಂದ ಇಲ್ಲಿನ ಮಗುವೊಂದು ದೂರದರ್ಶಕ ಬೇಕೆಂದು ಹಟ ಹಿಡಿದರೆ ಆಶ್ಚರ್ಯಪಡಬೇಕಾಗಿಲ್ಲ. ಗೃಹಸ್ಥನು ಹತ್ತು ಹದಿನೈದು ಸಾವಿರ ರೂಪಾಯಿ ತೆಗೆದಿರಿಸಲು ಒಪ್ಪಿಯಾನು. ತೊಡಕು ಆರಂಭವಾಗುವುದು ಅಲ್ಲಿಂದಲೇ.

‘525 ಪಟ್ಟು ದೊಡ್ಡದಾಗಿ ತೋರಿಸುತ್ತದೆ’ ಎಂಬ ಬರಹವೂ ಬಣ್ಣಬಣ್ಣದ ನೀಹಾರಿಕೆಯ ಚಿತ್ರವೂ ಇರುವ ಪೆಟ್ಟಿಗೆ ಮನೆಗೆ ಬರುತ್ತದೆ. ಒಳಗಿರುವುದು 60 ಮಿಲಿಮೀಟರ್ ಮಸೂರದ ಕೊಳವೆ, ಸೊಳ್ಳೆಯ ಕಾಲಿನಂಥ ಮುಕ್ಕಾಲಿ. ಮುಟ್ಟಿದರೆ ಚಂದ್ರ ನಡುಗುತ್ತಾನೆ. ಗುರುಗ್ರಹ ಬೂದಿಬಣ್ಣದ ಕಲೆಯಾಗುತ್ತದೆ. ನಾಲ್ಕನೆಯ ದಿನ ಪೆಟ್ಟಿಗೆ ಅಟ್ಟ ಸೇರುತ್ತದೆ. ಹಣ ಹೋದುದು ಇರಲಿ. ಕಾಣದ್ದು ತನ್ನ ದೋಷದಿಂದಲೇ ಎಂದು ಮಗು ನಂಬಿತೆಂದರೆ ಆ ನಷ್ಟವನ್ನು ತುಂಬಿಕೊಡುವವರಾರು?

525ರ ಲೆಕ್ಕ ಸುಳ್ಳಲ್ಲ, ನಿರರ್ಥಕ. ಮುಖ್ಯ ಮಸೂರದ ಸಂಗಮದೂರವನ್ನು ಕಣ್ಣಿಡುವ ನೇತ್ರಕದ ಸಂಗಮದೂರದಿಂದ ಭಾಗಿಸಿದರೆ ವರ್ಧನೆ ದೊರೆಯುತ್ತದೆ. 700 ಮಿ.ಮೀ. ಕೊಳವೆಗೆ 4 ಮಿ.ಮೀ. ನೇತ್ರಕ ಹಾಕಿದರೆ 175. ಮೇಲೆ ಮೂರು ಪಟ್ಟಿನ ಬಾರ್ಲೋ ಮಸೂರ ಸೇರಿಸಿದರೆ 525! ಆದರೆ ಬಿಂಬವನ್ನು ಹಿಗ್ಗಿಸಿದಷ್ಟೂ ಬೆಳಕು ತೆಳುವಾಗುತ್ತದೆ. ವ್ಯಾಸದ ಪ್ರತಿ ಮಿಲಿಮೀಟರಿಗೆ ಎರಡು ಪಟ್ಟು ಎಂಬುದು ರೂಢಿಯ ಮಿತಿ. ಅರುವತ್ತರ ಮಸೂರಕ್ಕೆ 120. ವಿಚಾರಿಸಬೇಕಾದುದು ವ್ಯಾಸವನ್ನು. ಬೆಳಕಿನ ಸಂಗ್ರಹವು ವ್ಯಾಸದ ವರ್ಗದಂತೆ ಏರುವುದರಿಂದ, 114 ಮಿ.ಮೀ. ದರ್ಪಣವು 60ರ ಮಸೂರಕ್ಕಿಂತ ಮೂರೂವರೆ ಪಟ್ಟು ಹೆಚ್ಚು ಬೆಳಕನ್ನು ಹಿಡಿಯುತ್ತದೆ.

ಅಷ್ಟೇ ಮುಖ್ಯವಾದುದು ಪೀಠ. ಇಲ್ಲಿ ಊರಿನ ವಿಚಾರವೂ ಬರುತ್ತದೆ. ಅಂಗಡಿಯವರು ಹೊಗಳುವ ‘ಇಕ್ವಟೋರಿಯಲ್’ ಪೀಠವನ್ನು ಧ್ರುವನಕ್ಷತ್ರದ ನೇರಕ್ಕೆ ಹೊಂದಿಸಬೇಕು. ಪುತ್ತೂರಿನ ಅಕ್ಷಾಂಶ ಹದಿಮೂರು ಡಿಗ್ರಿಗೂ ಕಡಿಮೆ. ಧ್ರುವನೂ ದಿಗಂತದಿಂದ ಅಷ್ಟೇ ಎತ್ತರ. ಅಂದರೆ ಅವನು ವರ್ಷವಿಡೀ ಅಡಿಕೆಮರದ ಹಿಂದೆಯೇ. ಕಾಣದ ಧ್ರುವನಿಗಾಗಿ ಹಣ ತೆರುವುದೇಕೆ? ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ತಿರುಗುವ ಸರಳವಾದ ಡಾಬ್ಸನ್ ಪೀಠ ಸಾಕು.

ಈ ಪೀಠದ ಕಥೆಯೂ ಸ್ವಾರಸ್ಯವಾದುದು. 1915ರಲ್ಲಿ ಪೀಕಿಂಗಿನಲ್ಲಿ ಜನಿಸಿದ ಜಾನ್ ಡಾಬ್ಸನ್ 1944ರಿಂದ 1967ರವರೆಗೆ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯ ಸಂನ್ಯಾಸಿಯಾಗಿದ್ದರು. ಕೈಯಲ್ಲಿ ಕಾಸಿಲ್ಲ, ಹಡಗಿನ ಕಿಟಕಿಯ ಹಳೆಯ ಗಾಜನ್ನು ಉಜ್ಜಿ ದರ್ಪಣ ಮಾಡಿದರು, ಮರದ ಪೆಟ್ಟಿಗೆಯನ್ನು ಪೀಠ ಮಾಡಿದರು. ಮಠ ಬಿಟ್ಟ ಮೇಲೂ ಬೀದಿಬದಿಯಲ್ಲಿ ನಿಂತು ದಾರಿಹೋಕರಿಗೆ ಚಂದ್ರನನ್ನು ತೋರಿಸಿದರು. 2014ರಲ್ಲಿ ತೀರಿಕೊಂಡರು. ಈಗ ಮೇಜಿನ ಮೇಲಿಡುವ ಪುಟ್ಟ ಡಾಬ್ಸನ್‌ಗಳೂ ದೊರೆಯುತ್ತವೆ, ಭಾರವಾದ ಸ್ಟೂಲೊಂದಿದ್ದರಾಯಿತು.

ಕೊಳ್ಳುವಾಗ ಅಳತೆಗಳನ್ನು ಓದಬೇಕು. ಕೊಳವೆ ಅರ್ಧ ಮೀಟರ್ ಮಾತ್ರವಿದ್ದು ಸಂಗಮದೂರ 1000 ಮಿ.ಮೀ. ಎಂದು ಬರೆದಿರುವ ದರ್ಪಣ ದೂರದರ್ಶಕದಲ್ಲಿ ಒಳಗೊಂದು ಮಸೂರ ಹುದುಗಿರುತ್ತದೆ. ಅಗ್ಗದವುಗಳಲ್ಲಿ ಬಿಂಬ ಸ್ಪಷ್ಟವಾಗುವುದು ಅಪರೂಪ. ನೇತ್ರಕ ಒಂದೂಕಾಲು ಅಂಗುಲದ ಅಳತೆಯದಿರಲಿ. ಹಣ ಇಷ್ಟಕ್ಕೂ ಸಾಲದಿದ್ದರೆ 7×50 ದುರ್ಬೀನು ಕೊಂಡರೂ ಕೊರತೆಯಿಲ್ಲ; ಕೃತ್ತಿಕೆಯನ್ನು ಅದಕ್ಕಿಂತ ಚೆನ್ನಾಗಿ ದೊಡ್ಡ ಕೊಳವೆಯೂ ತೋರಿಸದು.

ಕಾಣುವುದೇನು? ಹುಣ್ಣಿಮೆಗಿಂತ ಅಷ್ಟಮಿಯ ಚಂದ್ರನಲ್ಲಿ ಕುಳಿಗಳು ಎದ್ದು ತೋರುತ್ತವೆ. 1610ರ ಜನವರಿಯಲ್ಲಿ ಗೆಲಿಲಿಯೋ ಕಂಡ ಗುರುವಿನ ನಾಲ್ಕು ಉಪಗ್ರಹಗಳು, ಶನಿಯ ಬಳೆ, ಮಹಾವ್ಯಾಧನ ನೀಹಾರಿಕೆ ಎಲ್ಲವೂ ಉಂಟು. ನೀಹಾರಿಕೆ ಮಾತ್ರ ಬೂದುಬಣ್ಣದ ಮಂಜಿನಂತೆಯೇ ಕಾಣುತ್ತದೆಂದು ಮಗುವಿಗೆ ಮೊದಲೇ ಹೇಳಿಡಬೇಕು. ಧ್ರುವನನ್ನು ಕಳೆದುಕೊಂಡುದಕ್ಕೆ ದಕ್ಷಿಣದಲ್ಲಿ ಪರಿಹಾರವಿದೆ: ಏಪ್ರಿಲಿನ ನಡುರಾತ್ರಿ ಗುಡುಗು ಮೋಡವಿಲ್ಲದಿದ್ದರೆ, ಕಿನ್ನರಮಂಡಲದ ಒಮೆಗಾ ಗುಚ್ಛ ಧ್ರುವನ ಎರಡು ಪಟ್ಟಿಗೂ ಹೆಚ್ಚು ಎತ್ತರದಲ್ಲಿರುತ್ತದೆ. ಲಂಡನ್ನಿನವರಿಗೆ ತಮ್ಮ ಊರಿನಿಂದ ಅದು ಎಂದೂ ಕಾಣದು.

ಹಗಲೆಲ್ಲ ಕಾದ ಅಂಗಳ ತಣಿಯುವವರೆಗೆ ಬಿಂಬ ಕುದಿಯುತ್ತಿರುತ್ತದೆ. ಊಟ ಮುಗಿಸಿ ಬರುವುದೇ ಲೇಸು. ಸೂರ್ಯನತ್ತ ಕೊಳವೆ ತಿರುಗಿಸಲೇಬಾರದು. ನೇತ್ರಕಕ್ಕೆ ತಿರುಗಿಸಿ ಹಾಕುವ ಕಪ್ಪುಗಾಜು ಕಾವಿಗೆ ಸಿಡಿಯಬಹುದು, ಕಣ್ಣು ಹೋದೀತು. ಅಂಥದು ಪೆಟ್ಟಿಗೆಯಲ್ಲಿದ್ದರೆ ಅಂದೇ ಎಸೆಯತಕ್ಕದ್ದು.

ಇನ್ನು ಮಳೆಗಾಲ. ಜೂನಿನಿಂದ ಆಕಾಶದ ಸುದ್ದಿಯೇ ಇಲ್ಲ, ಗಾಜಿಗೆ ಬೂಷ್ಟು ಹಿಡಿಯುವ ಕಾಲ. ನೇತ್ರಕಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಮುಚ್ಚಿಡಬೇಕು. ಕೊಳವೆಯನ್ನು ಒದ್ದೆಯಾಗಿ ಮುಚ್ಚದೆ, ಒಣಗಿದ ಮೇಲೆ ಮುಚ್ಚಳ ಹಾಕಿ, ಒಲೆಯ ಹೊಗೆ ತಾಗದ ಬೆಚ್ಚನೆಯ ಕೋಣೆಯಲ್ಲಿರಿಸಬೇಕು. ದರ್ಪಣದ ಮೇಲೆ ತುಸು ಧೂಳು ಕಂಡಿತೆಂದು ಸೀರೆಯ ಸೆರಗಿನಿಂದ ಒರೆಸಹೋಗಬಾರದು. ಧೂಳಿನಿಂದ ಬಿಂಬಕ್ಕೆ ಹಾನಿಯಿಲ್ಲ, ಗೀರಿನಿಂದ ಉಂಟು.